ನಿಸಿಯಸನ ಆಕ್ಷೇಪಗಳು: ಸಿಸಿಲಿಯ ದಂಡಯಾತ್ರೆಯ ಮಂತ್ರಾಲೋಚನೆಯನ್ನು ಕುರಿತು

ಪೆಲೊಪೊನೀಸಿಯನ್ ಯುದ್ಧದ ಚರಿತ್ರೆಯಲ್ಲಿ ಸಿಸಿಲಿಯ ದಂಡಯಾತ್ರೆಯಷ್ಟು ವಾಚಕರ ಮನಸ್ಸನ್ನು ಸೆಳೆದಿರುವ ಪ್ರಸಂಗ ಮತ್ತೊಂದಿಲ್ಲ. ಕ್ರಿ. ಪೂ. ೪೧೫ರ ಬೇಸಗೆಯಲ್ಲಿ ಅಥೆನ್ಸಿನ ರೇವಾದ ಪೈರೀಯಸ್ಸಿನಿಂದ ಹೊರಟ ನೌಕಾಬಲವೂ, ಅದರ ನೆರವಿಗೆಂದು ಮುಂದೆ ಹೋದ ಎರಡನೆಯ ಸೈನ್ಯವೂ ೪೧೩ರ ಶರತ್ಕಾಲದ ವೇಳೆಗೆ ನಿರ್ನಾಮವಾದವು. ಸೆರೆಸಿಕ್ಕವರಲ್ಲಿ ಏಳು ಸಾವಿರಕ್ಕೆ ಕಡಮೆಯಿಲ್ಲದಷ್ಟು ಮಂದಿಯನ್ನು ಸಿರಕ್ಯೂಸಿನ ಕಲ್ಲುಗಣಿಗಳಲ್ಲಿ ಕೂಡಿಹಾಕಲಾಯಿತು. ಥ್ಯುಸಿಡಿಡೀಸನು ತನ್ನ ಗ್ರಂಥದ ಆರನೆಯ ಮತ್ತು ಏಳನೆಯ ಭಾಗಗಳನ್ನು ಬಹುಮಟ್ಟಿಗೆ ಈ ಒಂದು ವೃತ್ತಾಂತಕ್ಕೇ ಮೀಸಲಾಗಿಟ್ಟಿದ್ದಾನೆ. ಇದರ ವಿಷಯದಲ್ಲಿ ಪಠ್ಯಪುಸ್ತಕಗಳಲ್ಲಿಯೂ ತರಗತಿಗಳಲ್ಲಿಯೂ ರೂಢಿಗೆ ಬಂದಿರುವ ತೀರ್ಪು ಬಹು ಸರಳವಾದುದು: ನಿಸಿಯಸನು ವಿವೇಕಿ, ಆಲ್ಸಿಬಯಡೀಸನು ಮಹತ್ವಾಕಾಂಕ್ಷಿ, ಜನಸಭೆ ಮೂಢ, ವಿವೇಕಿಯ ಮಾತನ್ನು ಮೂಢರು ಕೇಳದೆ ಹೋದುದರಿಂದ ಅನರ್ಥವಾಯಿತು.

ಈ ತೀರ್ಪಿನ ಮೊದಲಿನ ಎರಡು ಅಂಶಗಳನ್ನು ಅಲ್ಲಗಳೆಯುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಆದರೆ ಜನಸಭೆಯು ನಿಸಿಯಸನ ಮಾತನ್ನು ಕೇಳಲಿಲ್ಲವೆಂಬುದು ಮೂಲಗ್ರಂಥಕ್ಕೆ ನೇರವಾಗಿ ವಿರುದ್ಧವಾದ ಹೇಳಿಕೆ. ಸಭೆ ಅವನ ಮಾತನ್ನು ಕೇಳಿತು. ಅವನು ಬೇಕೆಂದುದನ್ನೆಲ್ಲ ಕೊಟ್ಟಿತು. ಕೊಟ್ಟು, ಹಿಂದಿಗಿಂತ ಹೆಚ್ಚಿನ ಉತ್ಸಾಹದಿಂದ ಅವನನ್ನು ಸಿಸಿಲಿಗೆ ಕಳುಹಿಸಿತು. ಒಂದು ಯೋಜನೆ ಕೈಗೂಡುವ ಸಂಭವ ಕಡಮೆಯೆಂದು ತೋರಿಸಲು ಹೊರಟ ವಾದವು ಆ ಯೋಜನೆಗೇ ಬಲವನ್ನು ತಂದುಕೊಟ್ಟುದು ಹೇಗೆ ಎಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ಆಧಾರದ ಬಗೆಗೆ ಮೊದಲೇ ಒಂದು ಮಾತು. ಸಭೆ ಸೇರಿದಾಗ ಥ್ಯುಸಿಡಿಡೀಸನು ಅಥೆನ್ಸಿನಲ್ಲಿರಲಿಲ್ಲ. ಆಂಫಿಪೊಲಿಸ್ ಕೈತಪ್ಪಿಹೋದ ಮೇಲೆ ಅವನು ಇಪ್ಪತ್ತು ವರ್ಷ ದೇಶಭ್ರಷ್ಟನಾಗಿದ್ದವನು. ಭಾಷಣಗಳನ್ನು ಬರೆಯುವಾಗ ಆಡಿದುದರ ಒಟ್ಟು ಆಶಯಕ್ಕೆ ಸಮೀಪವಾಗಿದ್ದು, ಸಂದರ್ಭಕ್ಕೆ ಉಚಿತವೆಂದು ತನಗೆ ತೋರಿದುದನ್ನು ಆಡಿಸಿರುವುದಾಗಿ ಅವನೇ ಮೊದಲನೆಯ ಭಾಗದಲ್ಲಿ ಹೇಳಿಕೊಂಡಿದ್ದಾನೆ. ಆದುದರಿಂದ ಪ್ರತಿಯೊಂದು ವಾಕ್ಯವೂ ನಿಸಿಯಸನ ಬಾಯಿಂದಲೇ ಹೊರಟಿತೆಂದು ಭಾವಿಸಲಾಗದು. ಆದರೂ ಒಂದೇ ಸಭೆಯಲ್ಲಿ ಅವನು ಎರಡು ಬಾರಿ ಮಾತನಾಡಿದುದು, ಅವನು ಹೇಳಿದ ನೌಕೆಗಳ ಸಂಖ್ಯೆ, ಸಭೆ ಕೈಗೊಂಡ ನಿರ್ಣಯ, ಇವು ಬಹಿರಂಗದ ಸಂಗತಿಗಳು. ಗ್ರೀಕ್ ಭಾಷೆಯನ್ನರಿಯದ ನಮ್ಮಂಥವರು ಕ್ರಾಲಿ, ಜೊವೆಟ್ ಮೊದಲಾದವರ ಭಾಷಾಂತರಗಳನ್ನೇ ಆಶ್ರಯಿಸಬೇಕಾಗಿದ್ದರೂ ಇವುಗಳ ವಿಷಯದಲ್ಲಿ ಮೋಸಹೋಗುವ ಭಯವಿಲ್ಲ.

ಸಿಸಿಲಿಯ ಪಶ್ಚಿಮ ಭಾಗದ ಸೆಜೆಸ್ಟ ನಗರಕ್ಕೂ ನೆರೆಯ ಸೆಲಿನಸ್ಸಿಗೂ ವೈರ. ಸೆಲಿನಸ್ಸಿಗೆ ಸಿರಕ್ಯೂಸಿನ ಬೆಂಬಲ. ಸೆಜೆಸ್ಟದವರು ಅಥೆನ್ಸಿನ ನೆರವನ್ನು ಬೇಡಿ, ಅರುವತ್ತು ನೌಕೆಗಳ ಒಂದು ತಿಂಗಳ ಸಂಬಳಕ್ಕೆಂದು ಅರುವತ್ತು ಟ್ಯಾಲೆಂಟ್ ತೂಕದ ಬೆಳ್ಳಿಯನ್ನು ತಂದೊಪ್ಪಿಸಿದರು. ಸಭೆಯು ಅರುವತ್ತು ನೌಕೆಗಳನ್ನು ಕಳುಹಿಸಲು ಒಪ್ಪಿ, ಆಲ್ಸಿಬಯಡೀಸ್, ನಿಸಿಯಸ್, ಲಮಾಕಸ್ ಎಂಬ ಮೂವರನ್ನು ಸೇನಾನಿಗಳನ್ನಾಗಿ ನೇಮಿಸಿತು. ಈ ಮೊದಲ ನಿರ್ಣಯವನ್ನು ಹುಚ್ಚುಸಾಹಸವೆಂದು ಕರೆಯುವುದು ನ್ಯಾಯವಲ್ಲ. ೪೨೭ರಲ್ಲಿ ಇಪ್ಪತ್ತು ನೌಕೆಗಳನ್ನೂ ಅನಂತರ ನಲವತ್ತನ್ನೂ ಅಥೆನ್ಸ್ ಇದೇ ದ್ವೀಪಕ್ಕೆ ಕಳುಹಿಸಿತ್ತು. ೪೨೪ರಲ್ಲಿ ಸಿಸಿಲಿಯ ನಗರಗಳು ಗೇಲದಲ್ಲಿ ತಮ್ಮತಮ್ಮೊಳಗೆ ಸಂಧಿಮಾಡಿಕೊಂಡಾಗ ಆ ಪಡೆ ಹೆಚ್ಚಿನ ಹಾನಿಯಿಲ್ಲದೆ ಹಿಂತಿರುಗಿತ್ತು. ಅರುವತ್ತೆಂಬುದು ಪರಿಚಿತವಾದ ಅಳತೆ. ಹಿಂದಿರುಗಿ ಬಂದ ಸೇನಾನಿಗಳಲ್ಲಿ ಇಬ್ಬರನ್ನು ದೇಶಭ್ರಷ್ಟರನ್ನಾಗಿ ಮಾಡಿ ಮತ್ತೊಬ್ಬನಿಗೆ ದಂಡ ವಿಧಿಸಿದ್ದರೆಂಬುದನ್ನೂ ನೆನಪಿನಲ್ಲಿಡಬೇಕು. ಮುಂದೆ ನಿಸಿಯಸನ ನಡತೆಯನ್ನು ತಿಳಿಯಲು ಇದು ಬೇಕಾಗುತ್ತದೆ.

ನಾಲ್ಕು ದಿನಗಳ ಮೇಲೆ, ನೌಕೆಗಳ ಸಜ್ಜಿಕೆಯನ್ನು ಕುರಿತು ಯೋಚಿಸಲು ಸಭೆ ಮತ್ತೆ ಸೇರಿತು. ನಿಸಿಯಸನು ಎದ್ದು, ಹೋಗಬೇಕೇ ಬೇಡವೇ ಎಂಬ ಮೂಲಪ್ರಶ್ನೆಯನ್ನೇ ಹೊಸದಾಗಿ ಎತ್ತಿದನು.

ಅವನ ಈ ಮೊದಲನೆಯ ಭಾಷಣದ ವಾದಗಳನ್ನು ತೂಗುವುದಕ್ಕೆ ನಮ್ಮ ಕೈಗೆ ನಿಲುಕುವ ಒಂದು ಅಳತೆಗೋಲುಂಟು. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ಹಸ್ತಪ್ರತಿಯಿಂದ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಂತ್ರಕ್ಕೆ ಐದು ಅಂಗಗಳನ್ನು ಹೇಳಿದೆ: ಕಾರ್ಯವನ್ನು ಆರಂಭಿಸುವ ಉಪಾಯ, ಜನ ಮತ್ತು ದ್ರವ್ಯಗಳ ಸಂಪತ್ತು, ದೇಶಕಾಲಗಳ ವಿಭಾಗ, ವಿನಿಪಾತಕ್ಕೆ ಅಂದರೆ ಒದಗಬಹುದಾದ ಕೇಡಿಗೆ ಪ್ರತೀಕಾರ, ಕಾರ್ಯಸಿದ್ಧಿ. ಭಾರತದ ರಾಜನೀತಿಯನ್ನು ಅಥೆನ್ಸಿನ ಮೇಲೆ ಹೇರುವುದು ಸಾಧುವೇ ಎಂದು ಯಾರಾದರೂ ಕೇಳಬಹುದು. ಕೌಟಿಲ್ಯನ ಮಂತ್ರವು ಮೂವರು ನಾಲ್ವರು ಮಂತ್ರಿಗಳೊಡನೆ, ಗಿಳಿ ಸಾರಿಕೆಗಳ ಕಿವಿಗೂ ಬೀಳದಂತೆ ನಡೆಯತಕ್ಕದ್ದು. ಅಥೆನ್ಸಿನದಾದರೋ ಬೆಟ್ಟದ ಮೇಲೆ ಸಾವಿರಾರು ಜನರ ಮುಂದೆ ನಡೆಯುತ್ತಿತ್ತು. ಈ ವ್ಯತ್ಯಾಸ ಅಲ್ಪವಾದುದಲ್ಲ. ಮುಂದೆ ಅದರ ಮಾತು ಬರುತ್ತದೆ. ಆದರೆ ಒಂದು ಕಾರ್ಯದ ವಿಷಯವಾಗಿ ಕೇಳಬೇಕಾದ ಪ್ರಶ್ನೆಗಳು ಎರಡೆಡೆಯಲ್ಲಿಯೂ ಒಂದೇ. ಯಾವ ಪ್ರಶ್ನೆಯನ್ನು ಕೇಳಲಿಲ್ಲವೆಂಬುದನ್ನು ಕಂಡುಹಿಡಿಯಲು ಈ ಪಟ್ಟಿ ಸಾಕು.

ಮೊದಲನೆಯ ಭಾಷಣದಲ್ಲಿ ನಿಸಿಯಸನು ಮುಖ್ಯವಾಗಿ ಹೇಳಿದುದು ಇಷ್ಟು. ಇಲ್ಲಿ ಹಲವರು ಶತ್ರುಗಳನ್ನು ಬೆನ್ನ ಹಿಂದೆ ಬಿಟ್ಟು ಅಲ್ಲಿ ಹೊಸಬರನ್ನು ಹುಡುಕಿಕೊಂಡು ಹೋಗುತ್ತಿದ್ದೇವೆ. ೪೨೧ರ ಸಂಧಿ ಹೆಸರಿಗೆ ಮಾತ್ರ ಉಳಿದಿದೆ. ತ್ರೇಸಿನ ತೀರದ ಚಾಲ್ಸಿಡಿಯದವರು ಬಂಡೆದ್ದು ಇಷ್ಟು ವರ್ಷಗಳಾದರೂ ಅವರನ್ನು ಹತೋಟಿಗೆ ತಂದಿಲ್ಲ. ಸಿಸಿಲಿಯನ್ನು ಗೆದ್ದರೂ ದೂರದ, ಜನಬಹುಳವಾದ ಆ ದ್ವೀಪವನ್ನು ಆಳುವುದು ಕಷ್ಟ. ಮಹಾಮಾರಿಯಿಂದ ನಗರ ಈಗತಾನೆ ಚೇತರಿಸಿಕೊಂಡಿದೆ. ಕೊನೆಯಲ್ಲಿ, ಹೆಸರು ಹೇಳದಿದ್ದರೂ ಎಲ್ಲರಿಗೂ ತಿಳಿಯುವಂತೆ, ಕುದುರೆಗಳ ಶೋಕಿಯುಳ್ಳ ಒಬ್ಬ ತರುಣನ ಮಹತ್ವಾಕಾಂಕ್ಷೆಯನ್ನು ಹಳಿದು, ಹಿರಿಯರು ಹೇಡಿಗಳೆನಿಸಿಕೊಳ್ಳುವ ಭಯದಿಂದ ಸುಮ್ಮನಿರಬಾರದೆಂದು ಬೇಡಿದನು.

ಈ ವಾದಗಳಲ್ಲಿ ಬಹುಪಾಲು ದಂಡಯಾತ್ರೆ ಸೋಲುತ್ತದೆಂಬುದನ್ನು ಸಾಧಿಸುವುದಿಲ್ಲ. ಅವು ಗೆದ್ದರೂ ಪ್ರಯೋಜನವಿಲ್ಲವೆನ್ನುತ್ತವೆ, ಇಲ್ಲವೆ ಗೆಲುವಿಗಾಗಿ ತೆರಬೇಕಾದ ಬೆಲೆ ಮಿತಿಮೀರಿದುದೆನ್ನುತ್ತವೆ. ಇದು ಫಲವಿಚಾರವೇ ಹೊರತು ಸಾಧ್ಯಾಸಾಧ್ಯ ವಿಚಾರವಲ್ಲ. ಮತ್ತು ಫಲವಿಚಾರದಲ್ಲಿ ನಿಸಿಯಸನ ನೆಲೆ ಗಟ್ಟಿಯಾದುದೇ ಆಗಿತ್ತು. ದಂಡೆತ್ತಿ ಹೋಗುವವನ ಬೆನ್ನ ಹಿಂದೆ ಏಳುವ ಕೇಡನ್ನು ಕೌಟಿಲ್ಯನು ಪಶ್ಚಾತ್ಕೋಪವೆಂದು ಕರೆದು, ಮುಂದೆ ದೊರೆಯುವ ಲಾಭ ದೊಡ್ಡದಾಗಿದ್ದರೂ ಹಿಂದಿನ ಅಲ್ಪ ಕೋಪವೇ ಅದಕ್ಕಿಂತ ಗುರುತರವೆಂದು ನಿರ್ಣಯಿಸಿದ್ದಾನೆ. ನಿಸಿಯಸನ ಮೊದಲನೆಯ ಮಾತು ಇದೇ. ೪೧೩ರಲ್ಲಿ ಸ್ಪಾರ್ಟದವರು ಅಟ್ಟಿಕದ ಡೆಸಿಲೀಯವನ್ನು ಹಿಡಿದು ಕೋಟೆ ಕಟ್ಟಿದುದೂ, ಅದರಿಂದ ಇಪ್ಪತ್ತು ಸಾವಿರಕ್ಕೂ ಮಿಕ್ಕ ದಾಸರು ಅಥೆನ್ಸನ್ನು ಬಿಟ್ಟು ಓಡಿದುದೂ ಈ ಮಾತಿಗೆ ಬಂದ ಸಾಕ್ಷ್ಯಗಳು.

ಆಲ್ಸಿಬಯಡೀಸನು ಕೊಟ್ಟ ಉತ್ತರ ಚತುರವಾದುದು. ಸಿಸಿಲಿಯ ನಗರಗಳು ಬೆರಕೆಯ ಜನರಿಂದ ತುಂಬಿ ಒಗ್ಗಟ್ಟಿಲ್ಲದವು, ಅವರ ಸೈನ್ಯ ಹೇಳುವಷ್ಟು ದೊಡ್ಡದಲ್ಲ, ಹಿಂದಿನ ಶತ್ರುಗಳು ಸಮುದ್ರದಲ್ಲಿ ನಮ್ಮನ್ನು ಏನೂ ಮಾಡಲಾರರು, ಸುಮ್ಮನೆ ಕುಳಿತ ರಾಜ್ಯ ಸವೆದುಹೋಗುತ್ತದೆ ಎಂದನು. ಅವನು ಹೊರಿಸಿದ ಭಾರವೆಲ್ಲ ಯಾತ್ರೆ ಸುಲಭವೆಂಬುದರ ಮೇಲೆ. ಹಿಂದಿನ ಶತ್ರುಗಳನ್ನು ಕುರಿತ ಅವನ ಸಮಾಧಾನ ಸಮುದ್ರಕ್ಕೆ ಮಾತ್ರ ಸಲ್ಲುತ್ತದೆ, ನೆಲಕ್ಕೆ ಸಲ್ಲುವುದಿಲ್ಲ. ನಿಸಿಯಸನು ಅಲ್ಲಿಯೇ ಕಾಲೂರಿ ನಿಂತು, ಯಾತ್ರೆ ಸುಲಭವೇ ಆಗಲಿ, ಮಾಡಬಾರದ ಕಾರ್ಯವೆಂದು ವಾದಿಸಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ತನ್ನ ನೆಲೆಯನ್ನು ಬಿಟ್ಟು ಎದುರಾಳಿಯ ನೆಲೆಗೆ ನಡೆದುಬಂದನು.

ಎರಡನೆಯ ಭಾಷಣದ ಉದ್ದೇಶವನ್ನು ಥ್ಯುಸಿಡಿಡೀಸನು ಮುಚ್ಚಿಟ್ಟಿಲ್ಲ. ಮೊದಲಿನ ವಾದಗಳಿಂದ ಜನರನ್ನು ತಡೆಯಲಾಗದೆಂದು ಕಂಡ ನಿಸಿಯಸನು, ಬೇಕಾಗುವ ಸನ್ನಾಹದ ಗಾತ್ರವನ್ನು ತೋರಿಸಿ ಹಿಮ್ಮೆಟ್ಟಿಸಲು ನೋಡಿದನು. ಹಾಗಾಗದೆ ಹೋದರೆ ಸುರಕ್ಷಿತವಾಗಿಯಾದರೂ ಹೊರಡಬಹುದೆಂದು ಎಣಿಸಿದನು. ಈ ಎರಡು ಉದ್ದೇಶಗಳು ಒಂದೇ ವಾದದಲ್ಲಿ ಕೂಡಿ ಬಾಳಲಾರವು. ಭಯಪಡಿಸಬೇಕಾದರೆ ಅಪಾಯ ನಿವಾರಣೆಯಾಗದೆಂದು ಹೇಳಬೇಕು. ಸುರಕ್ಷಿತವಾಗಿ ಹೋಗಬೇಕಾದರೆ ಇಂತಿಂಥದನ್ನು ಕೊಟ್ಟರೆ ನಿವಾರಣೆಯಾಗುತ್ತದೆಂದು ಹೇಳಬೇಕು. ನಿಸಿಯಸನು ಅಪಾಯಗಳನ್ನು ಒಂದೊಂದಾಗಿ ಹೆಸರಿಸಿ, ಹೆಸರಿಸಿದೊಡನೆಯೇ ಅದರ ಪರಿಹಾರವನ್ನೂ ಸೂಚಿಸುತ್ತ ಹೋದನು. ಶತ್ರುವಿಗೆ ಕುದುರೆಗಳು ಹೇರಳ. ಆದುದರಿಂದ ಬಿಲ್ಲಾಳುಗಳೂ ಕವಣೆಗಾರರೂ ಬೇಕು. ಶತ್ರುವಿಗೆ ಸ್ವಂತ ಧಾನ್ಯವುಂಟು. ಆದುದರಿಂದ ನಾವು ಗೋದಿಯನ್ನೂ ರೊಟ್ಟಿ ಸುಡುವವರನ್ನೂ ಕೊಂಡೊಯ್ಯಬೇಕು. ಸೆಜೆಸ್ಟದ ಹಣ ಬಾಯಿಮಾತಿನದು. ಆದುದರಿಂದ ಇಲ್ಲಿಂದಲೇ ಹಣ ಬೇಕು. ಕೇಳುತ್ತಿದ್ದವರಿಗೆ ಇದು ನಿಷೇಧವಾಗಿ ತೋರಲಿಲ್ಲ, ಬೇಡಿಕೆಯ ಪಟ್ಟಿಯಾಗಿ ತೋರಿತು. ಕೊನೆಗೆ ಒಬ್ಬನು ಮುಂದೆ ಬಂದು, ನೆಪಗಳನ್ನು ಬಿಟ್ಟು ಎಷ್ಟು ಬೇಕೆಂದು ಈಗಲೇ ಹೇಳೆಂದು ನಿಸಿಯಸನನ್ನು ಗಟ್ಟಿಸಿ ಕೇಳಿದನು. ನೂರಕ್ಕೆ ಕಡಮೆಯಿಲ್ಲದ ಯುದ್ಧನೌಕೆಗಳು, ಐದು ಸಾವಿರಕ್ಕೆ ಕಡಮೆಯಿಲ್ಲದ ಭಾರಾಯುಧದ ಕಾಲಾಳುಗಳು ಎಂದು ಅವನು ಒಲ್ಲದ ಮನಸ್ಸಿನಿಂದ ಹೇಳಿದನು. ಸಭೆ ಒಡನೆಯೇ ಒಪ್ಪಿತು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಚಳಿಗಾಲದಲ್ಲಿ ಸಿಸಿಲಿಯಿಂದ ಒಬ್ಬ ದೂತನು ಬರುವುದಕ್ಕೂ ನಾಲ್ಕು ತಿಂಗಳು ಸಾಲದೆ ಹೋಗಬಹುದೆಂದು ನಿಸಿಯಸನು ಅದೇ ಭಾಷಣದಲ್ಲಿ ಹೇಳಿದ್ದಾನೆ. ಇದು ದ್ರವ್ಯದಿಂದ ನಿವಾರಿಸಬಹುದಾದ ತಡೆಯಲ್ಲ. ನೂರು ನೌಕೆ ಕೊಟ್ಟರೂ ಇನ್ನೂರು ಕೊಟ್ಟರೂ ದೂರ ಅಷ್ಟೇ, ಚಳಿಗಾಲ ಅಷ್ಟೇ. ಸೈನ್ಯ ದೊಡ್ಡದಾದಷ್ಟೂ ಅದಕ್ಕೆ ಬೇಕಾಗುವ ಅನ್ನ, ಸಂಬಳ, ಆಶ್ರಯಸ್ಥಾನಗಳು ಹೆಚ್ಚುತ್ತವೆಯಾಗಿ ದೂರದ ಕಷ್ಟ ಇಮ್ಮಡಿಯಾಗುತ್ತದೆ. ಅಷ್ಟು ದೊಡ್ಡ ಪಡೆಯನ್ನು ಕಂಡು ಸಿಸಿಲಿಯ ನಗರಗಳು ಬೆದರಿ ಒಂದಾಗುವ ಸಂಭವವೂ ಹೆಚ್ಚುತ್ತದೆ. ಇಡೀ ಯೋಜನೆಯನ್ನು ಮುರಿಯಬಲ್ಲ ವಾದ ಇದೊಂದೇ ಆಗಿತ್ತು. ಅದನ್ನು ನಿಸಿಯಸನು ಹೆಚ್ಚು ಸಾಮಾನು ಹೊರಿಸಬೇಕೆಂಬುದಕ್ಕೆ ಕಾರಣವಾಗಿ ಮಾತ್ರ ಬಳಸಿಕೊಂಡು ಮುಂದೆ ಸಾಗಿದನು.

ಜನರ ಮನಸ್ಸು ತಿರುಗಿದ ಬಗೆಯನ್ನು ಗ್ರಂಥಕಾರನು ಚಿತ್ರಿಸಿರುವ ಭಾಗವನ್ನು ವಿದ್ಯಾರ್ಥಿಗಳು ತಾವೇ ಓದಬೇಕು. ಇಷ್ಟು ದೊಡ್ಡ ಸೈನ್ಯಕ್ಕೆ ಕೇಡು ಬರಲಾರದೆಂದು ಹಿರಿಯರು ನಂಬಿದರು. ತರುಣರಿಗೆ ದೂರದೇಶವನ್ನು ಕಾಣುವ ಆಸೆ. ಸಾಮಾನ್ಯರಿಗೆ ಸಂಬಳದ ಆಸೆ. ಒಪ್ಪದವರು ದೇಶದ್ರೋಹಿಗಳೆನಿಸಿಕೊಳ್ಳುವ ಭಯದಿಂದ ಸುಮ್ಮನಿದ್ದರು. ಕೌಟಿಲ್ಯನ ಗುಪ್ತಮಂತ್ರಕ್ಕೂ ಅಥೆನ್ಸಿನ ಬಹಿರಂಗ ಮಂತ್ರಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಮುಚ್ಚಿದ ಕೋಣೆಯಲ್ಲಿ ಒಂದು ಆಕ್ಷೇಪವನ್ನು ಅದರ ತೂಕಕ್ಕೆ ತಕ್ಕಂತೆ ಎಣಿಸಬಹುದು. ಸಾವಿರಾರು ಜನರ ನಡುವೆ ಆಕ್ಷೇಪವೆತ್ತಿದವನ ಧೈರ್ಯವನ್ನೇ ಮೊದಲು ಎಣಿಸುತ್ತಾರೆ. ಮುಚ್ಚಿದ ಕೋಣೆಯ ದೋಷಗಳು ಬೇರೆ, ಅವು ಪ್ರಕೃತವಲ್ಲ.

ಈ ಪ್ರಸಂಗದ ಹೊಣೆಯನ್ನು ನಿಸಿಯಸನ ಮೇಲೆಯೇ ಹೊರಿಸಿದ ಆಧುನಿಕ ಇತಿಹಾಸಕಾರರುಂಟು. ಅವರಲ್ಲಿ ಡೊನಾಲ್ಡ್ ಕೇಗನ್ನರು ೧೯೮೧ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಅರುವತ್ತು ನೌಕೆಗಳ ಮಿತವಾದ ಕಾರ್ಯವನ್ನು ಮಹಾಸಾಹಸವನ್ನಾಗಿ ಮಾಡಿದುದು ನಿಸಿಯಸನ ಎರಡನೆಯ ಭಾಷಣವೇ ಎಂದು ವಾದಿಸಿದ್ದಾರೆ. ಇದು ಒಪ್ಪತಕ್ಕ ಮಾತು. ಆದರೆ ಅವರು ದೋಷವನ್ನು ವಾಕ್ಚಾತುರ್ಯದ ಲೆಕ್ಕ ತಪ್ಪಿದುದರಲ್ಲಿ ಕಾಣುತ್ತಾರೆ. ದೋಷ ಅದಕ್ಕಿಂತ ಆಳವಾದುದೆಂದು ನನ್ನ ಅಭಿಪ್ರಾಯ. ಕೌಟಿಲ್ಯನ ಐದನೆಯ ಅಂಗವಾದ ಕಾರ್ಯಸಿದ್ಧಿಯನ್ನು ಕುರಿತು ಎರಡು ಸಭೆಗಳಲ್ಲಿಯೂ ಯಾರೂ ಒಂದು ಮಾತನ್ನಾಡಲಿಲ್ಲ. ಸೆಜೆಸ್ಟಕ್ಕೆ ನೆರವಾಗುವುದು, ಲಿಯೊಂಟಿನಿಯನ್ನು ಪುನಃ ಸ್ಥಾಪಿಸುವುದು, ಸಿಸಿಲಿಯ ಉಳಿದ ವಿಷಯಗಳನ್ನು ಅಥೆನ್ಸಿಗೆ ಹಿತವೆಂದು ತೋರಿದಂತೆ ನಿರ್ವಹಿಸುವುದು ಎಂಬುದಷ್ಟೇ ಸೇನಾನಿಗಳಿಗಿತ್ತ ಆಜ್ಞೆ. ಏನು ನಡೆದರೆ ಕಾರ್ಯ ಮುಗಿಯಿತು, ಏನು ನಡೆದರೆ ಕೆಟ್ಟಿತು, ಕೆಟ್ಟಾಗ ಯಾವ ಗಡಿಯಲ್ಲಿ ಹಿಂತಿರುಗಬೇಕು ಎಂಬುದು ಗೊತ್ತಾಗಲಿಲ್ಲ. ಸಿದ್ಧಿ ಯಾವುದೆಂದು ನಿಶ್ಚಯವಾಗದ ಕಾರ್ಯಕ್ಕೆ ಸಿದ್ಧಿಯ ಸಂಭವ ಎಷ್ಟೆಂದು ವಾದಿಸುವುದು ಗುರಿಯಿಲ್ಲದೆ ಬಾಣದ ದೂರವನ್ನು ಅಳೆದಂತೆ. ಇಟಲಿಯ ರೀಜಿಯಮ್ ತಲಪಿದೊಡನೆಯೇ ಇದರ ಪರಿಣಾಮ ಕಂಡುಬಂದಿತು. ಅಲ್ಲಿ ಸೆಜೆಸ್ಟದ ಬೊಕ್ಕಸದಲ್ಲಿ ಮೂವತ್ತೇ ಟ್ಯಾಲೆಂಟ್ ಇದೆಯೆಂದೂ, ಹಿಂದೆ ದೂತರಿಗೆ ತೋರಿಸಿದ ಚಿನ್ನಬೆಳ್ಳಿಯ ಪಾತ್ರೆಗಳಲ್ಲಿ ನೆರೆಯೂರುಗಳಿಂದ ಎರವಲು ತಂದವೂ ಸೇರಿದ್ದವೆಂದೂ ತಿಳಿಯಿತು. ಮೂವರು ಸೇನಾನಿಗಳು ಮೂರು ಯೋಜನೆಗಳನ್ನು ಮುಂದಿಟ್ಟರು. ಸೆಲಿನಸ್ಸಿನ ವಿಷಯ ಮುಗಿಸಿ, ಬಲವನ್ನು ಪ್ರದರ್ಶಿಸಿ ಮರಳುವುದೆಂದು ನಿಸಿಯಸ್. ನಗರಗಳನ್ನು ಒಲಿಸಿಕೊಂಡು ಮುಂದುವರಿಯುವುದೆಂದು ಆಲ್ಸಿಬಯಡೀಸ್. ನೇರವಾಗಿ ಸಿರಕ್ಯೂಸಿನ ಮೇಲೆ ಬೀಳುವುದೆಂದು ಲಮಾಕಸ್. ನಿಸಿಯಸನು ರೀಜಿಯಮ್ಮಿನಲ್ಲಿ ಹೇಳಿದ ಈ ಮಿತವಾದ ಗುರಿಯನ್ನು ಅಥೆನ್ಸಿನ ಸಭೆಯ ಮುಂದೆ ನಿರ್ಣಯವಾಗಿಯೇ ಇಟ್ಟಿದ್ದರೆ ಅರುವತ್ತು ನೌಕೆಗಳೇ ಸಾಕಾಗುತ್ತಿದ್ದವು.

ಸಿರಕ್ಯೂಸಿನ ಸಭೆಯಲ್ಲಿಯೂ ಅದೇ ಕಾಲದಲ್ಲಿ ಇದಕ್ಕೆ ಕನ್ನಡಿಯಂತಿರುವ ಒಂದು ಚರ್ಚೆ ನಡೆಯಿತು. ಅಥೆನ್ಸಿನವರು ಬರುತ್ತಿದ್ದಾರೆಂದು ಹರ್ಮೋಕ್ರಟೀಸನು ಎಚ್ಚರಿಸಿದನು. ಅಥೆನಾಗೊರಸನೆಂಬ ಜನನಾಯಕನು ಅದನ್ನು ಅಲ್ಲಗಳೆದು, ಅವರು ಕುದುರೆಗಳನ್ನು ತರಲಾರರು, ಅವರ ಕಾಲಾಳುಗಳು ನಮಗೆ ಸಮವಾಗಲಾರರು, ನೆರೆಯಲ್ಲಿ ಸಿರಕ್ಯೂಸಿನಷ್ಟೇ ದೊಡ್ಡ ನಗರವೊಂದು ಕೈಯಲ್ಲಿದ್ದರೂ ಅವರು ಉಳಿಯುವುದು ಕಷ್ಟ ಎಂದನು. ಪರಿಶೀಲಿಸಿ ನೋಡಿದರೆ ಇವು ನಿಸಿಯಸನ ಆಕ್ಷೇಪಗಳೇ, ಮತ್ತು ಬಹುಮಟ್ಟಿಗೆ ನಿಜವಾದ ಆಕ್ಷೇಪಗಳು. ಆದರೆ ಅವುಗಳಿಂದ ಅಥೆನಾಗೊರಸನು ತೆಗೆದ ನಿರ್ಣಯವೆಂದರೆ, ಇಂಥ ಯೋಜನೆಯನ್ನು ಅನುಭವಿಗಳಾದ ಅಥೆನ್ಸಿನವರು ಕೈಗೊಳ್ಳಲಾರರು, ಆದುದರಿಂದ ಈ ಸುದ್ದಿಯೇ ಕಟ್ಟುಕಥೆ ಎಂಬುದು! ಯೋಜನೆ ಕೆಡುವ ಸಂಭವ ಹೆಚ್ಚೆಂಬುದರಿಂದ ಅದನ್ನು ಯಾರೂ ಹೂಡಲಾರರೆಂಬುದು ಸಿದ್ಧವಾಗುವುದಿಲ್ಲ. ಆಗ ಅಥೆನ್ಸಿನ ನೌಕೆಗಳು ದಾರಿಯಲ್ಲಿದ್ದವು. ಒಂದೇ ಬಗೆಯ ಸಾಮಗ್ರಿಯಿಂದ ಒಂದು ನಗರ ಹೊರಡುವ ಹುರುಪನ್ನೂ ಮತ್ತೊಂದು ನಗರ ನಿಶ್ಚಿಂತೆಯನ್ನೂ ಪಡೆದುದನ್ನು ಥ್ಯುಸಿಡಿಡೀಸನು ಪಕ್ಕಪಕ್ಕದಲ್ಲಿಟ್ಟಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಇನ್ನು, ಪರಿಣಾಮವನ್ನು ನೋಡಿ ವಾದವನ್ನು ಅಳೆಯುವ ಅಭ್ಯಾಸವೊಂದುಂಟು. ಸೋಲಾಯಿತು, ಆದುದರಿಂದ ನಿಸಿಯಸನು ಹೇಳಿದುದೆಲ್ಲ ನಿಜ ಎಂಬುದು ಅದರ ಧಾಟಿ. ಇದಕ್ಕೆ ಮೂಲದಲ್ಲಿ ಪೂರ್ಣ ಆಧಾರವಿಲ್ಲ. ಕುದುರೆಗಳ ವಿಷಯ ಸಂಪೂರ್ಣವಾಗಿ ನಿಜವಾಯಿತು. ೧೩೪ ಯುದ್ಧನೌಕೆಗಳೂ ೫,೧೦೦ ಭಾರಾಯುಧದ ಕಾಲಾಳುಗಳೂ ಇದ್ದ ಆ ಪಡೆಯಲ್ಲಿ ಕುದುರೆಗಳು ಮೂವತ್ತು ಮಾತ್ರ. ಸಿರಕ್ಯೂಸಿನ ಪಕ್ಷದಲ್ಲಿ ಸಾವಿರದ ಇನ್ನೂರಕ್ಕೆ ಕಡಮೆಯಿಲ್ಲದ ರಾಹುತರಿದ್ದರು. ಮೊದಲ ಕಾಳಗವನ್ನು ಗೆದ್ದರೂ ಅಥೆನ್ಸಿನವರು ಓಡುವವರನ್ನು ಬೆನ್ನಟ್ಟಲಾರದೆ ಹೋದರು. (ಕುದುರೆಗಳ ಕೊರತೆಯನ್ನು ಮುಂಗಂಡ ನಿಸಿಯಸನೂ ಕೇಳಿದುದು ಬಿಲ್ಲಾಳುಗಳನ್ನು, ರಾಹುತರನ್ನಲ್ಲ.) ಹಣದ ವಿಷಯವೂ ನಿಜವಾಯಿತು. ಆದರೆ ಗೆದ್ದ ಸಿಸಿಲಿಯನ್ನು ಆಳಲಾಗದೆಂಬ ಮಾತು ಪರೀಕ್ಷೆಗೆ ಬರಲೇ ಇಲ್ಲ. ಅಲ್ಲದೆ ೪೧೪ರಲ್ಲಿ ಸಿರಕ್ಯೂಸನ್ನು ಸುತ್ತುವ ಗೋಡೆ ಕಡಲ ಬದಿಯಲ್ಲಿ ಮುಗಿಯುತ್ತ ಬಂದಿತ್ತು. ಯುದ್ಧವನ್ನು ನಿಲ್ಲಿಸುವ ವಿಚಾರಕ್ಕೆ ಸಭೆ ಸೇರುವುದರಲ್ಲಿದ್ದ ಸಿರಕ್ಯೂಸಿನವರನ್ನು ಕಾರಿಂತಿನ ಒಂದು ಹಡಗು ತಂದ ಸುದ್ದಿ ತಡೆಯಿತು. ಅದರ ಹಿಂದೆಯೇ ಸ್ಪಾರ್ಟದ ಗಿಲಿಪ್ಪಸನು ಬಂದನು. ಕಾರ್ಯ ಕೈಗೂಡುವುದಕ್ಕೆ ಅಷ್ಟು ಸಮೀಪಕ್ಕೆ ಬಂದಿತ್ತು. ಹೀಗಿರುವಲ್ಲಿ ಸೋಲು ಮೊದಲೇ ನಿಶ್ಚಿತವಾಗಿತ್ತೆಂದು ಬರೆಯುವುದು ಇತಿಹಾಸವಲ್ಲ. ನಿಸಿಯಸನ ಒಂದೊಂದು ಆಕ್ಷೇಪಕ್ಕೂ ಒಂದೊಂದು ತೂಕ. ಒಟ್ಟಾಗಿ ಕಟ್ಟಿ ಹೊಗಳುವಂತಿಲ್ಲ.

ಅದೇ ವರ್ಷದ ಕೊನೆಯಲ್ಲಿ ನಿಸಿಯಸನು ಅಥೆನ್ಸಿಗೆ ಬರೆದ ಓಲೆ ಎರಡನೆಯ ಭಾಷಣದ ಪುನರಾವೃತ್ತಿಯೇ ಆಗಿದೆ. ಆಗ ಅವನೊಬ್ಬನೇ ಸೇನಾನಿ: ಆಲ್ಸಿಬಯಡೀಸನು ಆಪಾದನೆಗೊಳಗಾಗಿ ಸ್ಪಾರ್ಟಕ್ಕೆ ಓಡಿಹೋಗಿದ್ದನು, ಲಮಾಕಸನು ಕಾಳಗದಲ್ಲಿ ಮಡಿದಿದ್ದನು. ನೌಕೆಗಳು ನೀರಿನಲ್ಲಿ ನೆನೆದು ಕೊಳೆಯುತ್ತಿವೆ, ನಾವಿಕರು ಕರಗುತ್ತಿದ್ದಾರೆ, ಮುತ್ತಿಗೆ ಹಾಕಿದವರೇ ಮುತ್ತಿಗೆಗೊಳಗಾಗಿದ್ದೇವೆ ಎಂದು ವಿವರವಾಗಿ ಬರೆದು, ನಮ್ಮನ್ನು ಹಿಂದಕ್ಕೆ ಕರೆಸಿಕೊಳ್ಳಿರಿ, ಇಲ್ಲವೆ ಮೊದಲಿನಷ್ಟೇ ದೊಡ್ಡ ಮತ್ತೊಂದು ಸೈನ್ಯವನ್ನು ಕಳುಹಿಸಿರಿ, ಮೂತ್ರಪಿಂಡದ ಬೇನೆಯಿರುವ ನನ್ನನ್ನು ಬಿಡುಗಡೆ ಮಾಡಿರಿ ಎಂದು ಬೇಡಿದನು. ಹಿಂತಿರುಗುವುದೇ ಸರಿಯೆಂದು ಹೇಳುವ ಅಧಿಕಾರವೂ ಅನುಭವವೂ ಅವನಿಗಿದ್ದಾಗ ಅವನು ಎರಡು ದಾರಿಗಳನ್ನು ತೋರಿಸಿ ಸುಮ್ಮನಾದನು. ಸಭೆ ಹಿಂದಿನಂತೆಯೇ ನಡೆದುಕೊಂಡಿತು. ಬಿಡುಗಡೆಯನ್ನು ನಿರಾಕರಿಸಿ ಸೈನ್ಯವನ್ನು ಕಳುಹಿಸಿತು. ಡೆಮಾಸ್ತನೀಸನು ೭೩ ನೌಕೆಗಳನ್ನೂ ಸುಮಾರು ೫,೦೦೦ ಕಾಲಾಳುಗಳನ್ನೂ ತಂದನು.

ಅಥೆನ್ಸಿನವರಿಗೆ ಸಿಸಿಲಿಯ ಗಾತ್ರವೇ ತಿಳಿದಿರಲಿಲ್ಲವೆಂದು ಆರನೆಯ ಭಾಗದ ಆರಂಭದಲ್ಲಿ ಹೇಳುವ ಥ್ಯುಸಿಡಿಡೀಸನು, ಎರಡನೆಯ ಭಾಗದಲ್ಲಿ ಪೆರಿಕ್ಲೀಸನ ಅನಂತರದ ಕಾಲವನ್ನು ವಿಮರ್ಶಿಸುವಾಗ, ತಪ್ಪು ಶತ್ರುವಿನ ಬಲವನ್ನು ಅಳೆಯುವುದರಲ್ಲಿ ಅಷ್ಟಾಗಿ ಆಗಲಿಲ್ಲ, ಕಳುಹಿಸಿದವರು ಆಮೇಲೆ ಮಾಡಿದ ನಿರ್ಣಯಗಳಲ್ಲಿ ಆಯಿತು ಎನ್ನುತ್ತಾನೆ. ಈ ಎರಡು ಮಾತುಗಳ ವಿರೋಧವನ್ನು ವಿದ್ವಾಂಸರು ಬಹುವಾಗಿ ಚರ್ಚಿಸಿದ್ದಾರೆ. ಎರಡನ್ನೂ ಬೇರೆ ಬೇರೆ ಕಾಲದಲ್ಲಿ ಬರೆದಿರಬೇಕೆಂಬುದು ಒಂದು ಸಮಾಧಾನ. ಆದರೆ ಎರಡೂ ಒಟ್ಟಿಗೆ ನಿಲ್ಲಬಲ್ಲವು. ಗುರಿಯೂ ಹಿಂತಿರುಗುವ ಗಡಿಯೂ ನಿಶ್ಚಯವಾಗದೆ ಹೊರಟ ಪಡೆಯ ವಿಷಯದಲ್ಲಿ ಮೊದಲಿನ ಅಜ್ಞಾನವನ್ನು ತಿದ್ದಲು ಆಮೇಲಿನ ನಿರ್ಣಯಗಳಿಗೆ ಆಧಾರವೇ ಇರಲಿಲ್ಲ.

ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಚಂದ್ರಗ್ರಹಣಕ್ಕೆ ಸಲ್ಲುವ ಸ್ಥಳವನ್ನು ನೋಡಿದರೆ, ಅದರ ಹಿಂದಿನ ಯುದ್ಧಸಮಾಲೋಚನೆಯನ್ನು ಯಾರೂ ಓದುವುದಿಲ್ಲವೇನೋ ಎನಿಸುತ್ತದೆ. ಎಪಿಪೊಲೀಯ ರಾತ್ರಿಯ ಕಾಳಗದಲ್ಲಿ ಸೋತ ಮೇಲೆ ಡೆಮಾಸ್ತನೀಸನು ಒಡನೆಯೇ ಹೊರಟುಬಿಡಬೇಕೆಂದನು. ವಿರೋಧಿಸಿದವನು ನಿಸಿಯಸ್! ಸಿರಕ್ಯೂಸಿನವರು ಆಗಲೇ ಎರಡು ಸಾವಿರ ಟ್ಯಾಲೆಂಟ್ ವೆಚ್ಚಮಾಡಿ ಸಾಲದಲ್ಲಿದ್ದಾರೆ, ನಮ್ಮ ಸ್ಥಿತಿಗಿಂತ ಅವರದು ಕೀಳು ಎಂದು ಅವನು ವಾದಿಸಿದನು. ಈಗ ಹೊರಡಬೇಕೆಂದು ಕೂಗುವ ಸೈನಿಕರೇ ಊರಿಗೆ ಹೋದ ಮೇಲೆ ಸೇನಾನಿಗಳು ಲಂಚ ತಿಂದರೆಂದು ಕೂಗುತ್ತಾರೆಂದೂ ಹೇಳಿದನು. ೪೨೪ರಲ್ಲಿ ಸಿಸಿಲಿಯಿಂದ ಮರಳಿದವರ ಗತಿ ಅವನಿಗೆ ಗೊತ್ತಿತ್ತು. ಕೊನೆಗೆ ಅವನೂ ಒಪ್ಪಿ ಹಡಗುಗಳು ಸಿದ್ಧವಾದಾಗ, ೪೧೩ರ ಆಗಸ್ಟ್ ೨೭ರ ರಾತ್ರಿ ಹುಣ್ಣಿಮೆಯ ಚಂದ್ರನಿಗೆ ಗ್ರಹಣ ಹಿಡಿಯಿತು. ಮೂರು ಬಾರಿ ಒಂಬತ್ತು ದಿನ ಕಾಯಬೇಕೆಂದು ನಿಮಿತ್ತ ಹೇಳುವವರು ನುಡಿದರು. ಆ ದಿನಗಳು ಕಳೆಯುವವರೆಗೆ ಹೊರಡುವ ಮಾತನ್ನು ಚರ್ಚಿಸುವುದಕ್ಕೂ ತಾನು ಸಿದ್ಧನಿಲ್ಲವೆಂದು ನಿಸಿಯಸನು ಹೇಳಿಬಿಟ್ಟನು.